ದೊಡ್ಡ ರಸ್ತೆ ಕಾಮಗಾರಿಗೆ ಯಾವ ಡಾಂಬರು ಪ್ಲಾಂಟ್? ಸ್ಥಿರ ಬ್ಯಾಚ್ ಮಿಕ್ಸ್ ಘಟಕಗಳನ್ನು ಹೋಲಿಸಿ ಆರಿಸುವ ಬಗೆ

ನಾಲ್ಕು ಪಥದ ಹೆದ್ದಾರಿಯ ಗುತ್ತಿಗೆ ಕೈಗೆ ಬಂದೊಡನೆ ಎಷ್ಟು ಟನ್ನಿನ ಪ್ಲಾಂಟ್ ಬೇಕು ಎಂಬ ಪ್ರಶ್ನೆ ಏಳುತ್ತದೆ. 120 ಟಿಪಿಎಚ್, 160 ಟಿಪಿಎಚ್, 240 ಟಿಪಿಎಚ್ ಎಂದು, ಅಂದರೆ ಗಂಟೆಗೆ ಇಷ್ಟು ಟನ್ ಎಂದು ಬರೆದ ಬೆಲೆಪಟ್ಟಿಗಳು ಮೇಜಿನ ಮೇಲೆ ಬಂದು ಬೀಳುತ್ತವೆ. ಆ ಅಂಕಿಯಲ್ಲಿ ಸುಳ್ಳಿಲ್ಲ. ಆದರೆ ಅದು ಎಷ್ಟು ತೇವವಿರುವ ಜಲ್ಲಿಗೆ, ಎಷ್ಟು ಹೊತ್ತು ಕಲಸುವ ಮಿಶ್ರಣಕ್ಕೆ ಹೇಳಿದ ಅಂಕಿ ಎಂದು ಕೇಳದೆ ಕೊಂಡವರು ಮೊದಲ ಮಳೆಗಾಲದ ಅಂಚಿನಲ್ಲೇ ತೊಂದರೆಗೆ ಸಿಲುಕುತ್ತಾರೆ. ಜಲ್ಲಿ ಮತ್ತು ಡಾಂಬರನ್ನು ಬಿಸಿಯಾಗಿ ಬೆರೆಸುವ ಹಾಟ್ ಮಿಕ್ಸ್ ಪ್ಲಾಂಟುಗಳಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡುತ್ತ ಬಂದ ನನಗೆ ಒಂದು ವಿಷಯ ಖಚಿತವಾಗಿದೆ: ಪ್ಲಾಂಟಿನ ಆಯ್ಕೆ ಶುರುವಾಗಬೇಕಾದದ್ದು ಬೆಲೆಪಟ್ಟಿಯಿಂದಲ್ಲ, ನಿಮ್ಮ ಕ್ರಷರಿನ ಜಲ್ಲಿ ರಾಶಿಯಿಂದ. ಆ ರಾಶಿ ಎಷ್ಟು ಒದ್ದೆ, ಎಷ್ಟು ಏಕರೂಪ, ರಸ್ತೆಗೆ ಎಷ್ಟು ದೂರ ಎಂಬ ಮೂರು ಸಂಗತಿಗಳು ಗೊತ್ತಾದರೆ ಉಳಿದ ಆಯ್ಕೆಗಳು ಬಹುಮಟ್ಟಿಗೆ ತಾವೇ ತೀರ್ಮಾನವಾಗುತ್ತವೆ.

ಬ್ಯಾಚ್ ಮಿಕ್ಸ್ ಮತ್ತು ಡ್ರಮ್ ಮಿಕ್ಸ್

ಡ್ರಮ್ ಮಿಕ್ಸ್ ಪ್ಲಾಂಟಿನಲ್ಲಿ ಜಲ್ಲಿ ಒಣಗುವುದೂ ಡಾಂಬರಿನೊಂದಿಗೆ ಬೆರೆಯುವುದೂ ಸಾಮಾನ್ಯವಾಗಿ ಒಂದೇ ಡ್ರಮ್ಮಿನಲ್ಲಿ, ಎಡೆಬಿಡದೆ ನಡೆಯುತ್ತದೆ. ಬ್ಯಾಚ್ ಮಿಕ್ಸ್ ಪ್ಲಾಂಟಿನಲ್ಲಿ ಕೋಲ್ಡ್ ಬಿನ್ನಿನಿಂದ, ಅಂದರೆ ಕಾಯಿಸದ ಜಲ್ಲಿಯ ತೊಟ್ಟಿಯಿಂದ, ಬಂದ ಜಲ್ಲಿ ಡ್ರಯರಿನಲ್ಲಿ ಒಣಗಿ, ಹಾಟ್ ಎಲಿವೇಟರಿನಲ್ಲಿ ಮೇಲೇರಿ, ಜರಡಿಗಳ ಮೇಲೆ ಗಾತ್ರಕ್ಕೆ ತಕ್ಕಂತೆ ಬೇರ್ಪಟ್ಟು ಹಾಟ್ ಬಿನ್ನುಗಳಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿಂದ ಒಂದೊಂದು ಗಾತ್ರವನ್ನೂ ತೂಗಿ, ಫಿಲ್ಲರನ್ನೂ (ಕಲ್ಲಿನ ಅಥವಾ ಸುಣ್ಣದ ನುಣ್ಣನೆಯ ಪುಡಿ) ಡಾಂಬರನ್ನೂ ಬೇರೆಬೇರೆಯಾಗಿ ತೂಗಿ, ಎರಡು ಶಾಫ್ಟುಗಳ ಪಗ್‌ಮಿಲ್ಲಿನಲ್ಲಿ ಕಲಸಿ, ಒಂದು ಪಾಳಿಯ, ಅಂದರೆ ಒಂದು ಬ್ಯಾಚಿನ, ಮಿಶ್ರಣವನ್ನು ಹೊರಬಿಡಲಾಗುತ್ತದೆ.

ಬೆಲೆ, ವಿದ್ಯುತ್ತು, ಬಿಡಿಭಾಗಗಳ ಸಂಖ್ಯೆ, ಜೋಡಣೆಯ ಸಮಯ ಇವೆಲ್ಲದರಲ್ಲೂ ಡ್ರಮ್ ಮಿಕ್ಸ್ ಅಗ್ಗ. ಗ್ರಾಮೀಣ ರಸ್ತೆಗಳಿಗೆ, ಒಂದೇ ಬಗೆಯ ಮಿಶ್ರಣವನ್ನು ದಿನವಿಡೀ ಸುರಿಯುವ ಕೆಲಸಕ್ಕೆ ಅದು ಸಾಕು, ಮತ್ತು ಅದನ್ನು ಕೀಳೆಂದು ಕಾಣಬೇಕಾದ ಕಾರಣವಿಲ್ಲ. ಆದರೆ ರಾಷ್ಟ್ರೀಯ ಹೆದ್ದಾರಿಯ ದೊಡ್ಡ ಗುತ್ತಿಗೆಗಳಲ್ಲಿ ಬ್ಯಾಚ್ ಮಿಕ್ಸನ್ನೇ ಕೇಳುವ ವಾಡಿಕೆಗೆ ಎರಡು ಗಟ್ಟಿ ಕಾರಣಗಳಿವೆ.

ಮೊದಲನೆಯದು ತೂಕ. ಡ್ರಮ್ ಮಿಕ್ಸಿನಲ್ಲಿ ಬೆಲ್ಟಿನ ತಕ್ಕಡಿ ತೂಗುವುದು ಒದ್ದೆ ಜಲ್ಲಿಯನ್ನು. ಅದರಲ್ಲಿ ನೀರೆಷ್ಟು ಎಂಬುದನ್ನು ಆಪರೇಟರ್ ಕೈಯಾರೆ ನಮೂದಿಸಬೇಕು. ಬೆಳಿಗ್ಗೆ ಶೇಕಡ 2 ಎಂದು ನಮೂದಿಸಿ, ಮಧ್ಯಾಹ್ನ ಮಳೆ ಹನಿದು ತೇವ ಶೇಕಡ 5ಕ್ಕೆ ಏರಿದರೆ, ಯಂತ್ರವು ನೀರನ್ನೂ ಜಲ್ಲಿಯೆಂದೇ ಎಣಿಸಿ ಡಾಂಬರು ಬಿಡುತ್ತದೆ. ಶೇಕಡ 5 ಇರಬೇಕಾದ ಡಾಂಬರು ಸುಮಾರು 5.15 ಆಗುತ್ತದೆ. ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯ ಪ್ರಕಾರ ಡಾಂಬರಿನ ಪ್ರಮಾಣ ಹೆಚ್ಚುಕಡಿಮೆಯಾಗಲು ಇರುವ ಅವಕಾಶ 0.3 ಮಾತ್ರ. ಅದರಲ್ಲಿ ಅರ್ಧ, ಬೇರಾವ ತಪ್ಪೂ ನಡೆಯುವ ಮೊದಲೇ ಹೋಗಿಬಿಟ್ಟಿತು. ಬ್ಯಾಚ್ ಮಿಕ್ಸಿನಲ್ಲಿ ತೂಗುವುದು ಒಣಗಿ ಬಿಸಿಯಾದ ಜಲ್ಲಿಯನ್ನು, ಆದ್ದರಿಂದ ಈ ತಪ್ಪಿಗೆ ಅಲ್ಲಿ ಜಾಗವೇ ಇಲ್ಲ.

ಎರಡನೆಯದು ಜರಡಿ. ಡ್ರಮ್ ಮಿಕ್ಸಿನಲ್ಲಿ ಕೋಲ್ಡ್ ಬಿನ್ನಿಗೆ ಏನು ಬಿತ್ತೋ ಅದೇ ರಸ್ತೆಗೆ ಹೋಗುತ್ತದೆ. ಸ್ವಂತ ಕ್ರಷರ್ ಇದ್ದು, ಅದರ ಜಲ್ಲಿಯನ್ನು ದಿನವೂ ಜರಡಿ ಹಿಡಿದು ನೋಡುವ ಶಿಸ್ತಿರುವ ಕಡೆ ಇದು ನಡೆಯುತ್ತದೆ. ಮೂರು ಕ್ರಷರುಗಳಿಂದ, ಮೂವರು ಸಾಗಣೆದಾರರ ಮೂಲಕ ಜಲ್ಲಿ ಬರುವ ಕಡೆ ಬ್ಯಾಚ್ ಮಿಕ್ಸ್ ಬಿಟ್ಟು ಬೇರೆ ದಾರಿಯನ್ನು ನಾನು ಸೂಚಿಸಲಾರೆ.

ತೇವಾಂಶ ಮತ್ತು ನಿಜವಾದ ಸಾಮರ್ಥ್ಯ

ಬ್ಯಾಚ್ ಪ್ಲಾಂಟಿನ ಸಾಮರ್ಥ್ಯದ ಲೆಕ್ಕ ಸರಳವಾಗಿ ಕಾಣುತ್ತದೆ. ಪಗ್‌ಮಿಲ್ ಒಮ್ಮೆಗೆ 2,000 ಕಿಲೋ ಕಲಸುತ್ತದೆ, ಒಂದು ಪಾಳಿಗೆ 45 ಸೆಕೆಂಡು ಬೇಕು, ಗಂಟೆಗೆ 80 ಪಾಳಿ, ಒಟ್ಟು 160 ಟನ್. ಇದೇ ರೀತಿ 1,500 ಕಿಲೋ ಪಗ್‌ಮಿಲ್ 120 ಟನ್ನಿಗೂ 3,000 ಕಿಲೋ ಪಗ್‌ಮಿಲ್ 240 ಟನ್ನಿಗೂ ಹೊಂದುತ್ತದೆ. ಮಿಶ್ರಣಕ್ಕೆ ಸುಣ್ಣದ ಪುಡಿ ಸೇರಿದಾಗ, ಪಾಲಿಮರ್ ಬೆರೆಸಿದ ಡಾಂಬರು ಬಳಸಿದಾಗ ಕಲಸುವ ಹೊತ್ತು ಹೆಚ್ಚಬೇಕಾಗುತ್ತದೆ. ಪಾಳಿ 55 ಸೆಕೆಂಡಾದರೆ ಅದೇ 160 ಟನ್ನಿನ ಪ್ಲಾಂಟ್ ಗಂಟೆಗೆ 131 ಟನ್ ಕೊಡುತ್ತದೆ.

ಇದು ಪಗ್‌ಮಿಲ್ಲಿನ ಮಾತು. ನನ್ನ ಅನುಭವದಲ್ಲಿ ಪ್ಲಾಂಟಿನ ಕಾಲಿಗೆ ಕಟ್ಟಿದ ಕಲ್ಲು ಪಗ್‌ಮಿಲ್ ಅಲ್ಲ, ಡ್ರಯರ್. ಒಂದು ಟನ್ ಒಣ ಜಲ್ಲಿಯನ್ನು 25 ಡಿಗ್ರಿಯಿಂದ 160 ಡಿಗ್ರಿಗೆ ಕಾಯಿಸಲು ಸುಮಾರು 115 ಮೆಗಾಜೂಲ್ ಶಾಖ ಬೇಕು. ಅದೇ ಜಲ್ಲಿಯಲ್ಲಿರುವ ಪ್ರತಿ ಶೇಕಡ 1ರ ನೀರನ್ನು ಆವಿಯಾಗಿಸಲು ಸುಮಾರು 26 ಮೆಗಾಜೂಲ್ ಬೇಕು. ಹಾಗಾಗಿ ಶೇಕಡ 3ರ ತೇವಕ್ಕೆ 193, ಶೇಕಡ 5ಕ್ಕೆ 245, ಶೇಕಡ 7ಕ್ಕೆ 297 ಮೆಗಾಜೂಲ್. ಶೇಕಡ 3ರ ತೇವದಲ್ಲಿ ಬರ್ನರ್ ಪೂರ್ತಿ ಉರಿದು 160 ಟನ್ ಕೊಡುವ ಪ್ಲಾಂಟ್, ಶೇಕಡ 5ರಲ್ಲಿ 126 ಟನ್ನಿಗೂ ಶೇಕಡ 7ರಲ್ಲಿ 104 ಟನ್ನಿಗೂ ಇಳಿಯುತ್ತದೆ. ಇದನ್ನು ಯಾವ ತಯಾರಕರೂ ತಪ್ಪಿಸಲಾರರು. ನೀರು ಆವಿಯಾಗಲು ಬೇಕಾದ ಶಾಖ ಎಲ್ಲರಿಗೂ ಒಂದೇ. ಆದ್ದರಿಂದ ಎರಡು ಬೆಲೆಪಟ್ಟಿಗಳನ್ನು ಹೋಲಿಸುವ ಮೊದಲು ಎರಡರಲ್ಲೂ ತೇವಾಂಶದ ಸಾಲನ್ನು ಹುಡುಕಬೇಕು. ಒಬ್ಬರು ಶೇಕಡ 2ಕ್ಕೆ, ಮತ್ತೊಬ್ಬರು ಶೇಕಡ 5ಕ್ಕೆ 160 ಟನ್ ಎಂದಿದ್ದರೆ ಅವು ಒಂದೇ ಸಾಮರ್ಥ್ಯದ ಯಂತ್ರಗಳಲ್ಲ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಶೇಕಡ 8ರಿಂದ 10ರಷ್ಟು ಕಡಿಮೆ, ಬರ್ನರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ.

ತೇವ ಎಲ್ಲಿಂದ ಬರುತ್ತದೆ ಎಂಬುದನ್ನು ರಾಶಿಯ ಬಳಿ ನಿಂತೇ ನೋಡಬೇಕು. 20 ಮಿ.ಮೀ. ಜಲ್ಲಿ ಮಳೆಯಲ್ಲಿ ನೆನೆದರೂ ನೀರು ಇಳಿದುಹೋಗಿ ಶೇಕಡ 1ರ ಆಸುಪಾಸಿಗೆ ಬರುತ್ತದೆ. ಜಲ್ಲಿಪುಡಿ, ಅಂದರೆ ಸೈಟಿನಲ್ಲಿ ಡಸ್ಟ್ ಎನ್ನುವುದು, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲ್ಪದರ ಒಣಗಿ ಬೂದಿಯ ಬಣ್ಣಕ್ಕೆ ತಿರುಗಿದ್ದರೂ ಒಂದು ಮೊಳ ಒಳಗೆ ಕೈಹಾಕಿ ಹಿಡಿ ತುಂಬ ತೆಗೆದು ಅದುಮಿದರೆ ಉಂಡೆ ಕಟ್ಟುತ್ತದೆ. ಅಂಥ ಪುಡಿಯಲ್ಲಿ ಶೇಕಡ 8, 9 ನೀರು ಇರುವುದು ಅಪರೂಪವಲ್ಲ. ಮೇಲ್ಪದರದ ಬಿಟುಮಿನಸ್ ಕಾಂಕ್ರೀಟ್ ಮಿಶ್ರಣದಲ್ಲಿ ಡಸ್ಟಿನ ಪಾಲು ಶೇಕಡ 40ರ ಮೇಲೆ ಇರುವುದರಿಂದ ಒಟ್ಟು ತೇವದ ಬಹುಪಾಲು ಅದರಿಂದಲೇ ಬರುತ್ತದೆ. ಡಸ್ಟಿನ ರಾಶಿಗೊಂದು ತಗಡಿನ ಚಪ್ಪರ ಹಾಕಿ, ನೆಲಕ್ಕೆ ಇಳಿಜಾರು ಕೊಟ್ಟು, ಅದರ ತೇವವನ್ನು 9ರಿಂದ 4ಕ್ಕೆ ಇಳಿಸಿದರೆ ಒಟ್ಟು ಮಿಶ್ರಣದ ತೇವ ಶೇಕಡ 2ರಷ್ಟು ಇಳಿಯುತ್ತದೆ. ತೇವದ ಪ್ರತಿ ಶೇಕಡ 1ಕ್ಕೆ ಟನ್ನಿಗೆ ಸುಮಾರು ಮುಕ್ಕಾಲು ಲೀಟರ್ ಎಣ್ಣೆ ಖರ್ಚಾಗುವುದರಿಂದ 10,000 ಟನ್ ಮಿಶ್ರಣಕ್ಕೆ 15,000 ಲೀಟರ್ ಉಳಿಯುತ್ತದೆ. 120 ಟನ್ನಿನ ಪ್ಲಾಂಟಿಗೆ ಚಪ್ಪರ ಹಾಕಿಸುವುದು, ಚಪ್ಪರವಿಲ್ಲದೆ 160 ಟನ್ನಿನ ಪ್ಲಾಂಟ್ ಕೊಳ್ಳುವುದಕ್ಕಿಂತ ಎಷ್ಟೋ ಕಡೆ ಮೇಲಾಗಿರುತ್ತದೆ. ದೊಡ್ಡ ಯಂತ್ರಕ್ಕೆ ಕೋಟಿಗಟ್ಟಲೆ ಕೊಡಲು ಒಪ್ಪುವ ಗುತ್ತಿಗೆದಾರರು ತಗಡಿನ ಶೀಟಿಗೆ ಹಿಂದೆಮುಂದೆ ನೋಡುವುದನ್ನು ಕಂಡು ನನಗೆ ಪ್ರತಿಬಾರಿಯೂ ನೋವಾಗಿದೆ.

ಎಷ್ಟು ಟನ್ನಿನ ಪ್ಲಾಂಟ್ ಬೇಕು

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಲೆಕ್ಕ ಹಾಕಿ ನೋಡೋಣ. 40 ಕಿಲೋಮೀಟರ್ ಉದ್ದದ ನಾಲ್ಕು ಪಥದ ರಸ್ತೆ, ಡಾಂಬರು ಹಾಕಿದ ಅಂಚುಗಳೂ ಸೇರಿ ಎರಡೂ ಬದಿಯ ಒಟ್ಟು ಅಗಲ 18 ಮೀಟರ್, ಡಿಬಿಎಂ (ಡೆನ್ಸ್ ಬಿಟುಮಿನಸ್ ಮೆಕಡಮ್) ಎಂಬ 100 ಮಿ.ಮೀ. ಕೆಳಪದರ, ಅದರ ಮೇಲೆ 40 ಮಿ.ಮೀ. ಬಿಟುಮಿನಸ್ ಕಾಂಕ್ರೀಟ್ ಪದರ. ಘನ ಅಳತೆ 1,00,800 ಘನಮೀಟರ್, ಸಾಂದ್ರತೆ 2.4 ಎಂದು ಹಿಡಿದರೆ ಸುಮಾರು 2.42 ಲಕ್ಷ ಟನ್. ಒಳನಾಡಿನಲ್ಲಿ ಅಕ್ಟೋಬರ್ ನಡುವಿನಿಂದ ಮೇ ಕೊನೆಯವರೆಗೆ ಕೆಲಸ ನಡೆಯುತ್ತದೆಂದು, ತಿಂಗಳಿಗೆ ಸುಮಾರು 21 ದಿನದಂತೆ ವರ್ಷಕ್ಕೆ 160 ದಿನ, ದಿನಕ್ಕೆ 8 ಗಂಟೆ ಎಂದು ಇಟ್ಟುಕೊಂಡರೆ ಎರಡು ಋತುಗಳಿಗೆ 2,560 ಗಂಟೆ. ಗಂಟೆಗೆ ಸರಾಸರಿ 95 ಟನ್ ಬೇಕು.

ಸೈಟಿನಲ್ಲಿ ಪ್ಲಾಂಟ್ ತನ್ನ ಫಲಕದ ಸಾಮರ್ಥ್ಯದ ಶೇಕಡ 65ರಿಂದ 70ರಷ್ಟನ್ನು ಕೊಟ್ಟರೆ ಅದು ಚೆನ್ನಾಗಿ ನಡೆಯುತ್ತಿದೆ ಎಂದೇ ನಾನು ಎಣಿಸುತ್ತೇನೆ. ಟಿಪ್ಪರ್ ತಡವಾಗುವುದು, ಮಿಶ್ರಣ ಬದಲಿಸುವುದು, ಜರಡಿ ಕಟ್ಟಿಕೊಳ್ಳುವುದು ಎಲ್ಲವೂ ಅದರಲ್ಲಿ ಸೇರಿವೆ. ಆ ಲೆಕ್ಕದಲ್ಲಿ 120 ಟನ್ನಿನ ಪ್ಲಾಂಟ್ 80ರ ಆಸುಪಾಸಿನಲ್ಲಿ ನಿಂತು ಸಾಲದೆ ಹೋಗುತ್ತದೆ, 160 ಟನ್ನಿನದು 105ರಿಂದ 110 ಕೊಟ್ಟು ಸಾಕಾಗುತ್ತದೆ. 240 ಟನ್ನಿನದು ಬೇಕೇ? ಒಂದೇ ಋತುವಿನಲ್ಲಿ ಮುಗಿಸಬೇಕಾದ ಒತ್ತಡವಿದ್ದರೆ, ಮಿಶ್ರಣ ಹಾಸುವ ಯಂತ್ರಗಳಾದ ಪೇವರುಗಳು ಎರಡಿದ್ದರೆ, ಅದಕ್ಕೆ ತಕ್ಕ ಟಿಪ್ಪರುಗಳನ್ನು ಹೊಂದಿಸಲು ಆಗುತ್ತಿದ್ದರೆ ಮಾತ್ರ ಬೇಕು. ಗಂಟೆಗೆ 110 ಟನ್ ಸಾಗಿಸಲು 18 ಟನ್ನಿನ ಟಿಪ್ಪರಿನ ಆರು ಸುತ್ತು ಬೇಕು, ಹೋಗಿಬಂದು ಕಾಯುವುದಕ್ಕೆ ಎರಡೂಕಾಲು ಗಂಟೆಯಾದರೆ ಹದಿನಾಲ್ಕು ಟಿಪ್ಪರ್ ಓಡುತ್ತಿರಬೇಕು. ಪ್ಲಾಂಟನ್ನು ಒಂದೂವರೆ ಪಟ್ಟು ಮಾಡಿದವರು ಟಿಪ್ಪರುಗಳನ್ನೂ ಇಪ್ಪತ್ತೊಂದು ಮಾಡಬೇಕು. ಇದನ್ನು ಯೋಚಿಸದೆ ದೊಡ್ಡ ಪ್ಲಾಂಟ್ ತಂದ ಕಡೆಗಳಲ್ಲಿ ಬರ್ನರ್ ದಿನಕ್ಕೆ ಹತ್ತಾರು ಸಲ ಆರಿ ಹೊತ್ತುತ್ತದೆ, ಪ್ರತಿ ಸಲವೂ ಮೊದಲ ಒಂದೆರಡು ಪಾಳಿ ಸರಿಯಾದ ಬಿಸಿಗೆ ಬರದೆ ಪಕ್ಕಕ್ಕೆ ಸುರಿಯಬೇಕಾಗುತ್ತದೆ.

ಪೇವರಿನ ಕಡೆಯಿಂದಲೂ ನೋಡಬೇಕು. 9 ಮೀಟರ್ ಅಗಲ, 50 ಮಿ.ಮೀ. ದಪ್ಪದ ಪದರಕ್ಕೆ ಮೀಟರಿಗೆ 1.08 ಟನ್ ಹಿಡಿಯುತ್ತದೆ. ಗಂಟೆಗೆ 110 ಟನ್ ಬಂದರೆ ಪೇವರ್ ನಿಮಿಷಕ್ಕೆ 1.7 ಮೀಟರ್ ಮುಂದೆ ಹೋಗಬಹುದು. ಅದು ನಿಧಾನ, ನಿಜ. ಆದರೆ ನಿಲ್ಲದೆ ನಿಧಾನವಾಗಿ ಓಡಿದ ಪೇವರ್ ಹಾಕಿದ ಪದರ, ನಿಮಿಷಕ್ಕೆ 4 ಮೀಟರ್ ಓಡಿ ಅರ್ಧ ಗಂಟೆ ನಿಂತು ಮತ್ತೆ ಓಡಿದ ಪೇವರಿನ ಪದರಕ್ಕಿಂತ ಸಮವಾಗಿರುತ್ತದೆ. ನಿಂತ ಜಾಗದಲ್ಲೆಲ್ಲ ತಣ್ಣಗಾದ ಪಟ್ಟಿಯೊಂದು ಉಳಿದು ಮುಂದೆ ಅಲ್ಲಿಯೇ ಬಿರುಕು ಬಿಡುತ್ತದೆ.

ಪ್ಲಾಂಟಿನ ಅಡಿಯಲ್ಲಿ ಅಥವಾ ಪಕ್ಕದಲ್ಲಿ 60, 100 ಟನ್ನಿನ ಬಿಸಿ ಮಿಶ್ರಣದ ಸೈಲೊ, ಅಂದರೆ ಸಂಗ್ರಹ ತೊಟ್ಟಿ, ಇಟ್ಟುಕೊಂಡರೆ ಟಿಪ್ಪರ್ ತಡವಾದಾಗಲೂ ಬರ್ನರ್ ಆರುವುದಿಲ್ಲ. 240 ಟನ್ನಿನ ಪ್ಲಾಂಟಿಗೆ ಹಾಕುವ ಹೆಚ್ಚಿನ ಹಣದಲ್ಲಿ ಒಂದು ಭಾಗವನ್ನು 160 ಟನ್ನಿನ ಪ್ಲಾಂಟಿನ ಸೈಲೊಗೆ ಹಾಕುವುದು ಹೆಚ್ಚು ಫಲಕೊಡುವ ನಿರ್ಧಾರ ಎಂಬುದು ನನ್ನ ಅಭಿಪ್ರಾಯ.

ಜರಡಿ, ಹಾಟ್ ಬಿನ್, ತಕ್ಕಡಿ

ಬೆಲೆಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಈ ಭಾಗವೇ ಬ್ಯಾಚ್ ಪ್ಲಾಂಟಿನ ಜೀವಾಳ. ಒಮ್ಮೆ ಬೇಸಗೆಯ ಮಧ್ಯಾಹ್ನ ಕಂಟ್ರೋಲ್ ಕ್ಯಾಬಿನ್ನಿನಲ್ಲಿ ಕುಳಿತಿದ್ದಾಗ, 45 ಸೆಕೆಂಡಿಗೊಮ್ಮೆ ಕೇಳಬೇಕಾಗಿದ್ದ ಪಗ್‌ಮಿಲ್ ಬಾಗಿಲಿನ ಸದ್ದು ಒಂದೂವರೆ ನಿಮಿಷವಾದರೂ ಕೇಳಲಿಲ್ಲ. "ಮೂರನೇ ಬಿನ್ ಖಾಲಿ ಸಾರ್, ಎರಡನೇದು ತುಂಬಿ ಚೆಲ್ತಾ ಇದೆ" ಎಂದರು ಆಪರೇಟರ್. ಪರದೆಯ ಮೇಲೆ ಎರಡನೆಯ ಬಿನ್ನಿನ ಪಟ್ಟಿ ಕೆಂಪಾಗಿತ್ತು. ಹೊರಗೆ ಓವರ್‌ಫ್ಲೋ ಕೊಳವೆಯಿಂದ ಬಿಸಿ ಜಲ್ಲಿ ಸುರಿದು ಹೊಗೆಯಾಡುವ ಗುಡ್ಡೆಯಾಗಿತ್ತು. ಕೋಲ್ಡ್ ಬಿನ್ನಿನ ಹತ್ತಿರ ಹೋಗಿ ನೋಡಿದರೆ ಅಂದು ಬೆಳಿಗ್ಗೆ ಬಂದ 12 ಮಿ.ಮೀ. ಜಲ್ಲಿಯಲ್ಲಿ 6 ಮಿ.ಮೀ. ಕಾಳುಗಳು ಬಹಳಷ್ಟು ಬೆರೆತಿದ್ದವು. ಕ್ರಷರಿನ ಜರಡಿ ಎಲ್ಲೋ ಹರಿದಿತ್ತು. ಎಣ್ಣೆ ಸುಟ್ಟು ಕಾಯಿಸಿದ ಜಲ್ಲಿ ವ್ಯರ್ಥವಾಯಿತು, ಉತ್ಪಾದನೆ ಅರ್ಧಕ್ಕೆ ಇಳಿಯಿತು. ಆದರೂ ಆ ದಿನ ರಸ್ತೆಗೆ ತಪ್ಪು ಮಿಶ್ರಣ ಹೋಗಲಿಲ್ಲ. ಡ್ರಮ್ ಮಿಕ್ಸಿನಲ್ಲಾಗಿದ್ದರೆ ಉತ್ಪಾದನೆಗೆ ಏನೂ ಆಗುತ್ತಿರಲಿಲ್ಲ, ತಪ್ಪು ಮಿಶ್ರಣ ಯಾರ ಕಣ್ಣಿಗೂ ಬೀಳದೆ ರಸ್ತೆ ಸೇರುತ್ತಿತ್ತು.

ಹೋಲಿಸುವಾಗ ಕೇಳಬೇಕಾದದ್ದು ಜರಡಿಯ ಒಟ್ಟು ವಿಸ್ತೀರ್ಣ ಎಷ್ಟು ಚದರ ಮೀಟರ್ ಎಂಬುದನ್ನು. ಅದೇ ಸಾಮರ್ಥ್ಯಕ್ಕೆ ಕಡಿಮೆ ವಿಸ್ತೀರ್ಣದ ಜರಡಿ ಕೊಟ್ಟರೆ ಜಲ್ಲಿ ದಪ್ಪನೆಯ ಹಾಸಾಗಿ ಹರಿದು, ಕೆಳಗೆ ಬೀಳಬೇಕಾದ ಸಣ್ಣ ಕಾಳು ದೊಡ್ಡ ಜಲ್ಲಿಯ ಬಿನ್ನಿಗೆ ಹೋಗಿ ಬೀಳುತ್ತದೆ. ಡಿಬಿಎಂ, ಬಿಟುಮಿನಸ್ ಕಾಂಕ್ರೀಟ್ ಎರಡನ್ನೂ ಒಂದೇ ಪ್ಲಾಂಟಿನಲ್ಲಿ ಮಾಡುವವರಿಗೆ ನಾಲ್ಕು ಹಾಟ್ ಬಿನ್ನುಗಳಾದರೂ ಬೇಕು. ಐದಿದ್ದರೆ ಜರಡಿ ಬದಲಿಸದೆ ಮಿಶ್ರಣ ಬದಲಿಸಬಹುದು. ಜರಡಿ ಬಲೆಯನ್ನು ಬದಲಿಸಲು ಎಷ್ಟು ಹೊತ್ತು ಹಿಡಿಯುತ್ತದೆ, ಒಬ್ಬ ಮನುಷ್ಯ ಒಳಗೆ ನಿಂತು ಕೆಲಸ ಮಾಡುವಷ್ಟು ಜಾಗವಿದೆಯೇ ಎಂಬುದನ್ನು ಓಡುತ್ತಿರುವ ಪ್ಲಾಂಟೊಂದರ ಮೇಲೆ ಹತ್ತಿಯೇ ನೋಡಬೇಕು.

ತಕ್ಕಡಿಯ ಸೂಕ್ಷ್ಮತೆಯನ್ನು ಕಿಲೋಗಳಲ್ಲಿ ಯೋಚಿಸಿದರೆ ಅದರ ಬೆಲೆ ತಿಳಿಯುತ್ತದೆ. 2,000 ಕಿಲೋ ಪಾಳಿಗೆ ಶೇಕಡ 5.4ರಂತೆ 108 ಕಿಲೋ ಡಾಂಬರು. ನಿರ್ದಿಷ್ಟತೆ ಕೊಡುವ 0.3ರ ಅವಕಾಶವೆಂದರೆ ಬರೀ 6 ಕಿಲೋ. ಡಾಂಬರಿನ ತಕ್ಕಡಿಯ ಗೋಡೆಗೆ ಅಂಟಿ ಉಳಿದ ಡಾಂಬರು, ಧೂಳು ಕಟ್ಟಿದ ಲೋಡ್ ಸೆಲ್ (ತೂಕ ಅಳೆಯುವ ಸಂವೇದಕ), ಇವುಗಳಿಂದಲೇ ಅಷ್ಟು ಹೋಗಬಹುದು. ಆದ್ದರಿಂದ ಪ್ರತಿ ಪಾಳಿಯಲ್ಲೂ ಖಾಲಿ ತೂಕವನ್ನು ತಾನೇ ಕಳೆದುಕೊಳ್ಳುವ ವ್ಯವಸ್ಥೆ, ಪ್ರತಿ ಪಾಳಿಯ ತೂಕ ಮತ್ತು ಉಷ್ಣತೆಯ ಮುದ್ರಿತ ದಾಖಲೆ, ತೂಕದ ಕಲ್ಲುಗಳನ್ನು ನೇತುಹಾಕಿ ಪರೀಕ್ಷಿಸಲು ಅನುಕೂಲ, ಈ ಮೂರೂ ಇರಬೇಕು.

ಫಿಲ್ಲರಿಗೆ ಎರಡು ಪ್ರತ್ಯೇಕ ದಾರಿಗಳಿರಲಿ. ದಕ್ಷಿಣ ಕರ್ನಾಟಕದ ಜಲ್ಲಿ ಬಹುತೇಕ ಗ್ರಾನೈಟ್ ಮತ್ತು ನೈಸ್ ಶಿಲೆಯದು. ಸಿಲಿಕಾ ಹೆಚ್ಚಿರುವ ಇಂಥ ಕಲ್ಲಿನ ಮೈಯಿಂದ ನೀರು ತಾಗಿದಾಗ ಡಾಂಬರು ಬಿಟ್ಟುಕೊಳ್ಳುವ ಸ್ವಭಾವವಿದೆ. ತೇವ ತಡೆಯುವ ಪರೀಕ್ಷೆಯಲ್ಲಿ ಉಳಿಯಬೇಕಾದ ಬಲ ಕನಿಷ್ಠ ಶೇಕಡ 80. ಅದಕ್ಕಾಗಿ ಸುಣ್ಣದ ಪುಡಿಯನ್ನು ಶೇಕಡ 2ರಷ್ಟು ಬೆರೆಸಬೇಕಾದಾಗ, ಹೊಗೆಯ ಧೂಳನ್ನು ಚೀಲಗಳಲ್ಲಿ ಸೋಸುವ ಬ್ಯಾಗ್ ಹೌಸಿನಿಂದ ಮರಳಿ ಬರುವ ಕಲ್ಲಿನ ಧೂಳಿಗೂ ಹೊರಗಿನಿಂದ ತಂದ ಸುಣ್ಣಕ್ಕೂ ಒಂದೇ ಸೈಲೊ ಇದ್ದರೆ ಯಾವುದು ಎಷ್ಟು ಹೋಯಿತೆಂದು ಹೇಳಲಾಗದು. ವಿಜಯಪುರದ ಕಡೆಯ ಬಸಾಲ್ಟ್ ಜಲ್ಲಿಯಲ್ಲಿ ಈ ತೊಂದರೆ ಕಡಿಮೆ.

ಸ್ಥಿರ, ಸಂಚಾರಿ, ಕಂಟೇನರ್ ಮಾದರಿ

ಸ್ಥಿರ ಪ್ಲಾಂಟಿಗೆ ಕಾಂಕ್ರೀಟ್ ಬುನಾದಿ ಬೇಕು, ಜೋಡಿಸಿ ಚಾಲೂ ಮಾಡಲು ಹಲವು ವಾರ ಹಿಡಿಯುತ್ತದೆ. ಚಕ್ರದ ಮೇಲಿನ ಸಂಚಾರಿ ಪ್ಲಾಂಟ್ ಕೆಲವೇ ದಿನಗಳಲ್ಲಿ ನಿಲ್ಲುತ್ತದೆ, ಆದರೆ ಅದರ ಎತ್ತರಕ್ಕೆ ಮಿತಿ ಇರುವುದರಿಂದ ಜರಡಿಯೂ ಹಾಟ್ ಬಿನ್ನೂ ಚಿಕ್ಕವಾಗುತ್ತವೆ. ಒಂದೇ ಜಾಗದಲ್ಲಿ ಎರಡು ವರ್ಷ ನಿಲ್ಲುವ ಕೆಲಸಕ್ಕೆ ಸ್ಥಿರ ಪ್ಲಾಂಟೇ ಸರಿ. ಇವೆರಡರ ನಡುವೆ, ಉಕ್ಕಿನ ಅಡಿಗಟ್ಟಿನ ಮೇಲೆ ಕುಳಿತು, ಕಂಟೇನರ್ ಗಾತ್ರದ ಭಾಗಗಳಾಗಿ ಬಿಚ್ಚಿಕೊಳ್ಳುವ ಮಾದರಿಯೊಂದಿದೆ; ಮುಂದಿನ ಗುತ್ತಿಗೆಗೆ ಇದೇ ಪ್ಲಾಂಟನ್ನು ಒಯ್ಯುವ ಉದ್ದೇಶವಿರುವವರು ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಗದಗ, ಧಾರವಾಡ, ವಿಜಯಪುರದ ಎರೆ ಭೂಮಿಯಲ್ಲಿ ಬುನಾದಿಯ ವಿಷಯದಲ್ಲಿ ಅವಸರ ಬೇಡ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಗೋಪುರದ ಒಂದು ಕಾಲು ಸ್ವಲ್ಪ ಕುಸಿದರೂ ತೂಕದ ಹಾಪರ್ ವಾಲಿ ಲೋಡ್ ಸೆಲ್ಲುಗಳ ಲೆಕ್ಕ ತಪ್ಪುತ್ತದೆ, ಎಲಿವೇಟರಿನ ಸರಪಳಿ ಒಂದು ಬದಿಗೆ ಉಜ್ಜುತ್ತದೆ. ಮೇಲಿನ ಎರೆಯನ್ನು ತೆಗೆದು ಗಟ್ಟಿ ಪದರ ಸಿಗುವವರೆಗೆ ಹೋಗುವುದು, ಅದಾಗದಿದ್ದರೆ ಗರಸಿನಿಂದ ಬದಲಿಸುವುದು ಅಗತ್ಯ.

ಎಲ್ಲಿ ನಿಲ್ಲಿಸಬೇಕು? ಮಿಶ್ರಣದ ತೂಕದಲ್ಲಿ ಶೇಕಡ 95ರಷ್ಟು ಜಲ್ಲಿಯೇ ಇರುವುದರಿಂದ ಸಾಗಣೆಯ ಭಾರ ಹೇಗೂ ತಪ್ಪದು. ಕ್ವಾರಿ 40 ಕಿಲೋಮೀಟರ್ ರಸ್ತೆಯ ಒಂದು ತುದಿಯಲ್ಲಿದೆ ಎನ್ನೋಣ. ಪ್ಲಾಂಟನ್ನು ಅಲ್ಲಿಯೇ ನಿಲ್ಲಿಸಿದರೆ ಮಿಶ್ರಣದ ಸರಾಸರಿ ಸಾಗಣೆ 20 ಕಿಲೋಮೀಟರ್, ಅತಿ ದೂರ 40. ನಡುವೆ ನಿಲ್ಲಿಸಿದರೆ ಜಲ್ಲಿ 20 ಕಿಲೋಮೀಟರ್ ಬಂದು, ಮಿಶ್ರಣ ಸರಾಸರಿ 10 ಹೋಗಿ, ಒಟ್ಟು 30 ಆಗುತ್ತದೆ. ಆದರೆ ಮಿಶ್ರಣದ ಅತಿ ದೂರ 20ಕ್ಕೆ ಇಳಿಯುತ್ತದೆ. ಜಲ್ಲಿ ದಾರಿಯಲ್ಲಿ ತಣ್ಣಗಾದರೆ ನಷ್ಟವಿಲ್ಲ, ಮಿಶ್ರಣ ತಣ್ಣಗಾದರೆ ಕೆಲಸ ಕೆಟ್ಟಂತೆ. ವಿಜಿ 30 ಎಂಬ ದರ್ಜೆಯ ಡಾಂಬರಿನ ಮಿಶ್ರಣ 150ರಿಂದ 165 ಡಿಗ್ರಿಯಲ್ಲಿ ಹೊರಬಿದ್ದು, ಹಾಸುವಾಗ 140ಕ್ಕಿಂತ ಕಡಿಮೆಯಾಗದೆ, ರೋಲರ್ ಉರುಳಿಸಿ ಮುಗಿಯುವಾಗ 90ಕ್ಕಿಂತ ಕೆಳಗೆ ಇಳಿಯದೆ ಇರಬೇಕು. ವಿಜಿ 40 ಆದರೆ ಹಾಸುವಾಗ 150, ಉರುಳುವಾಗ 100. ಸಂಚಾರ ಸರಾಗವಾಗಿರುವ ದಾರಿಯಾದರೆ ತುದಿಯಲ್ಲಿ ನಿಲ್ಲಿಸಿ ದಪ್ಪ ತಾಡಪಾಲು ಹೊದಿಸಿ ಕಳಿಸಬಹುದು. ದಾರಿಯಲ್ಲಿ ಪೇಟೆ, ರೈಲ್ವೆ ಗೇಟು, ಘಾಟಿ ಇದ್ದರೆ ಹೆಚ್ಚಿನ ಸಾಗಣೆ ಖರ್ಚನ್ನು ಒಪ್ಪಿಕೊಂಡು ನಡುವೆಯೇ ನಿಲ್ಲಿಸಬೇಕು. ಊರಿನ ಗಾಳಿ ಬೀಸುವ ದಿಕ್ಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ರೇಷ್ಮೆ ಅಥವಾ ದ್ರಾಕ್ಷಿ ಬೆಳೆಯುವ ಹೊಲಗಳ ಸಾಮೀಪ್ಯ ಇವನ್ನು ಜಾಗ ಗೊತ್ತುಮಾಡುವ ಮೊದಲೇ ನೋಡಬೇಕು; ಹಿಪ್ಪುನೇರಳೆ ಎಲೆಯ ಮೇಲೆ ಧೂಳು ಕುಳಿತರೆ ಹುಳು ಮೇಯುವುದಿಲ್ಲ, ಆ ರೈತರ ದೂರು ನ್ಯಾಯವಾದದ್ದು.

ಡಾಂಬರಿನ ಟ್ಯಾಂಕುಗಳ ವಿಷಯವೂ ಜಾಗಕ್ಕೇ ಸೇರಿದ್ದು. ಗಂಟೆಗೆ 110 ಟನ್ ಮಿಶ್ರಣವೆಂದರೆ ದಿನಕ್ಕೆ 44 ಟನ್ ಡಾಂಬರು, ಅಂದರೆ ಎರಡು ಟ್ಯಾಂಕರ್. 50 ಟನ್ನಿನ ಎರಡು ಟ್ಯಾಂಕ್ ಇದ್ದರೆ ಎರಡು ದಿನ ಸಾಗುತ್ತದೆ. ಮಂಗಳೂರಿನ ತೈಲ ಶುದ್ಧೀಕರಣಾಗಾರದಿಂದ ಟ್ಯಾಂಕರ್ ತರಿಸುವ ಒಳನಾಡಿನ ಸೈಟುಗಳು ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮೂರನೆಯ ಟ್ಯಾಂಕ್ ಇಟ್ಟುಕೊಳ್ಳುವುದು ವಿವೇಕ.

ಇಂಧನ ಮತ್ತು ಬ್ಯಾಗ್ ಹೌಸ್

ಫರ್ನೇಸ್ ಆಯಿಲ್ ಅಗ್ಗ, ಆದರೆ ಮೊದಲೇ ಕಾಯಿಸದಿದ್ದರೆ ಸಣ್ಣ ಹನಿಗಳಾಗಿ ಸರಿಯಾಗಿ ಸಿಡಿಯದೆ ಅರ್ಧ ಉರಿದ ಎಣ್ಣೆ ಜಲ್ಲಿಯ ಮೈಗೆ ಕಂದು ಬಣ್ಣದ ಲೇಪವಾಗಿ ಅಂಟುತ್ತದೆ. ಅದರ ಮೇಲೆ ಡಾಂಬರು ಹಿಡಿಯುವುದಿಲ್ಲ. ಅದರಲ್ಲಿರುವ ಗಂಧಕ, ಹೊಗೆ ತಣ್ಣಗಾದಾಗ ಆಮ್ಲವಾಗಿ ಬ್ಯಾಗ್ ಹೌಸಿನ ತಗಡನ್ನೂ ಚೀಲಗಳನ್ನೂ ತಿನ್ನುತ್ತದೆ. ಲೈಟ್ ಡೀಸೆಲ್ ಆಯಿಲ್ ದುಬಾರಿ, ನಿರ್ವಹಣೆ ಸುಲಭ. ಅನಿಲದ ಕೊಳವೆ ಮಾರ್ಗ ಸಿಗುವ ಕಡೆ ಅದಕ್ಕಿಂತ ಶುದ್ಧವಾದುದು ಬೇರೆ ಇಲ್ಲ. ಎರಡು ಇಂಧನಗಳಲ್ಲಿ ನಡೆಯುವ ಬರ್ನರ್ ಸಿಕ್ಕರೆ ಅದನ್ನೇ ಆರಿಸಿ.

ನೀರು ಚಿಮುಕಿಸಿ ಧೂಳು ಹಿಡಿಯುವ ಹಳೆಯ ವ್ಯವಸ್ಥೆಯನ್ನು ದೊಡ್ಡ ಪ್ಲಾಂಟಿಗೆ ಪರಿಗಣಿಸುವುದೇ ಬೇಡ; ಕೆಸರಿನ ಹೊಂಡ ಉಳಿಯುತ್ತದೆ, ಮಿಶ್ರಣಕ್ಕೆ ಮರಳಿ ಬಳಸಬಹುದಾದ ಧೂಳು ಹೋಗುತ್ತದೆ. ಬ್ಯಾಗ್ ಹೌಸಿನ ಶಾಖ ತಡೆಯುವ ಚೀಲಗಳೂ ಸುಮಾರು 200 ಡಿಗ್ರಿ ದಾಟಿದರೆ ಉಳಿಯುವುದಿಲ್ಲ, ಒದ್ದೆಯಾದರೆ ಧೂಳು ಮೆತ್ತಿ ಕಟ್ಟಿಕೊಳ್ಳುತ್ತವೆ. ಬೆಳಿಗ್ಗೆ ಜಲ್ಲಿ ಬಿಡುವ ಮೊದಲು ಅದನ್ನು ಬಿಸಿ ಮಾಡಿಕೊಳ್ಳಬೇಕು. ಉಷ್ಣತೆ ಮಿತಿ ಮೀರಿದಾಗ ಬರ್ನರನ್ನು ತಾನಾಗಿ ಆರಿಸುವ ವ್ಯವಸ್ಥೆ ಇದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಬೇಕು.

ಕೆರೆದು ತೆಗೆದ ಹಳೆಯ ಡಾಂಬರನ್ನು ಮರುಬಳಸುವ ಯೋಚನೆ ಇದ್ದರೆ ಅದನ್ನು ಕೊಳ್ಳುವಾಗಲೇ ಹೇಳಬೇಕು. ಹಳೆಯ ಮಿಶ್ರಣವನ್ನು ತಣ್ಣಗೆಯೇ ಪಗ್‌ಮಿಲ್ಲಿಗೆ ಹಾಕಿ, ಹೊಸ ಜಲ್ಲಿಯನ್ನು ಹೆಚ್ಚು ಕಾಯಿಸಿ ಸರಿದೂಗಿಸುವ ವಿಧಾನದಲ್ಲಿ ಶೇಕಡ 15, 20ರ ಆಚೆಗೆ ಹೋಗುವುದು ಕಷ್ಟ. ಅದಕ್ಕೆಂದೇ ಎರಡನೆಯ ಡ್ರಮ್ ಇದ್ದರೆ ಶೇಕಡ 50ರವರೆಗೂ ಹೋಗಬಹುದು, ಆದರೆ ಗೋಪುರ ಅದರ ಭಾರಕ್ಕೆ ಮೊದಲೇ ಸಿದ್ಧವಾಗಿರಬೇಕು. ಭಾರತೀಯ ರಸ್ತೆ ಕಾಂಗ್ರೆಸ್ 2015ರಲ್ಲೇ ಐಆರ್‌ಸಿ 120 ಎಂಬ ಮಾರ್ಗಸೂಚಿಯನ್ನು ಈ ಮರುಬಳಕೆಗಾಗಿ ಹೊರತಂದಿದೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು

ನಮ್ಮಲ್ಲಿ ಓಡುವ ಅನೇಕ ಪ್ಲಾಂಟುಗಳು ಗುಜರಾತಿನ ಮೆಹಸಾಣಾ, ಅಹಮದಾಬಾದ್ ಕಡೆಯ ಕಾರ್ಖಾನೆಗಳಲ್ಲಿ ತಯಾರಾದವು, ಹೊರದೇಶದವೂ ಇವೆ. ಹೆಸರಿಗಿಂತ ಮುಖ್ಯವಾದದ್ದು, ಸರ್ವಿಸ್ ಎಂಜಿನಿಯರ್ ಎಷ್ಟು ಗಂಟೆಯಲ್ಲಿ ಸೈಟಿಗೆ ಬರುತ್ತಾರೆ, ಪಗ್‌ಮಿಲ್ಲಿನ ಪ್ಯಾಡಲ್ ತುದಿಗಳು, ಒಳಹೊದಿಕೆಯ ಪ್ಲೇಟುಗಳು, ಲೋಡ್ ಸೆಲ್, ಬರ್ನರ್ ನಾಜಲ್ ಇವು ಎಲ್ಲಿ ದಾಸ್ತಾನಿವೆ ಎಂಬುದು. ಗ್ರಾನೈಟ್ ಜಲ್ಲಿ ಸುಣ್ಣಕಲ್ಲಿಗಿಂತ ಬಹಳ ಬೇಗ ಉಕ್ಕನ್ನು ಸವೆಸುತ್ತದೆ. ಇದೇ ಬಗೆಯ ಕಲ್ಲಿನಲ್ಲಿ ಇದೇ ಪ್ಲಾಂಟನ್ನು ಎರಡು ವರ್ಷ ಓಡಿಸಿದವರ ಸೈಟಿಗೆ ಹೋಗಿ ಅವರ ಬಿಡಿಭಾಗದ ರಿಜಿಸ್ಟರ್ ನೋಡುವುದು ಯಾವ ಬೆಲೆಪಟ್ಟಿಗಿಂತಲೂ ಹೆಚ್ಚು ತಿಳಿಸುತ್ತದೆ.

ಅಲ್ಲಿ ಒಂದು ಗಂಟೆ ಟಿಪ್ಪರುಗಳು ತುಂಬುವುದನ್ನೂ ನೋಡಿ. ನೀಲಿ ಹೊಗೆ ಏಳುತ್ತಿದ್ದರೆ ಮಿಶ್ರಣ ಅತಿಯಾಗಿ ಕಾದಿದೆ. ಬಿಳಿ ಹಬೆ ಏಳುತ್ತಿದ್ದರೆ ಡ್ರಯರ್ ನೀರನ್ನು ಪೂರ್ತಿ ತೆಗೆದಿಲ್ಲ. ಗುಪ್ಪೆಯಾಗಿ ನಿಲ್ಲದೆ ಹೊಳೆಯುತ್ತ ಚಪ್ಪಟೆಯಾದರೆ ಡಾಂಬರು ಹೆಚ್ಚಾಗಿದೆ ಅಥವಾ ತೇವ ಉಳಿದಿದೆ. ಮಂಕಾಗಿ, ಅಲ್ಲಲ್ಲಿ ಕಂದು ಕಾಳು ಕಂಡರೆ ಡಾಂಬರು ಕಡಿಮೆಯಾಗಿದೆ.

ಒಪ್ಪಂದದಲ್ಲಿ ಸ್ವೀಕಾರ ಪರೀಕ್ಷೆಯನ್ನು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ನಿಮ್ಮದೇ ಜಲ್ಲಿಯಲ್ಲಿ, ತೇವಾಂಶವನ್ನು ಅಳೆದು ದಾಖಲಿಸಿ, ನಿಮ್ಮ ಮಿಶ್ರಣದ ವಿನ್ಯಾಸಕ್ಕೆ ಎರಡು ದಿನ, ದಿನಕ್ಕೆ ಆರು ಗಂಟೆ ಸತತವಾಗಿ ಪ್ಲಾಂಟ್ ಓಡಬೇಕು. ಗಂಟೆಗೊಮ್ಮೆ ಪ್ರತಿ ಹಾಟ್ ಬಿನ್ನಿನಿಂದ ಮಾದರಿ ತೆಗೆದು ಜರಡಿ ಹಿಡಿಯಬೇಕು, ಮಿಶ್ರಣದಿಂದ ಡಾಂಬರು ಬೇರ್ಪಡಿಸಿ ಪ್ರಮಾಣ ನೋಡಬೇಕು, ಹೊರಬಿದ್ದ ಒಟ್ಟು ಟನ್ನನ್ನು ಪ್ಲಾಂಟಿನ ಪರದೆಯಿಂದ ಓದದೆ ಹೊರಗಿನ ವೇ ಬ್ರಿಡ್ಜಿನ ಚೀಟಿಗಳಿಂದ ಕೂಡಿಸಬೇಕು, ಸುಟ್ಟ ಎಣ್ಣೆಯನ್ನು ಟ್ಯಾಂಕಿನ ಅಳತೆಕೋಲಿನಿಂದ ಅಳೆಯಬೇಕು. ಈ ಎರಡು ದಿನಗಳ ಕಾಗದಗಳಿಗೆ ಎರಡೂ ಕಡೆಯವರ ಸಹಿ ಬೀಳುವವರೆಗೆ ಬೆಲೆಯ ಕೊನೆಯ ಕಂತನ್ನು ತಡೆದಿಟ್ಟುಕೊಳ್ಳಬೇಕು, ಮತ್ತು ಆ ಕಂತು ತಯಾರಕರನ್ನು ಮತ್ತೊಮ್ಮೆ ಸೈಟಿಗೆ ಕರೆತರುವಷ್ಟು ದೊಡ್ಡದಾಗಿರಬೇಕು.